ಗೆದ್ದೆತ್ತಿನ ಬಾಲ ಹಿಡಿದು ಬಂದವರಿಗೂ ಜಾಗ: ಓಣಿಯ ಮಂದಿಯೆಲ್ಲ ಕೂಡಿ ಆರ್‌ಸಿಬಿ ಮ್ಯಾಚ್ ನೋಡುವ ಏರ್ಪಾಡು

2025ರ ಜೂನ್ 3ರ ರಾತ್ರಿ ಅಹಮದಾಬಾದಿನ ಐಪಿಎಲ್ ಫೈನಲ್ಲಿನಲ್ಲಿ ಆರ್‌ಸಿಬಿ 190 ರನ್ ಹೊಡೆದು ಪಂಜಾಬನ್ನು 184ಕ್ಕೆ ನಿಲ್ಲಿಸಿದ ಮೇಲೆ ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಯ ಓಣಿಗಳಲ್ಲಿ ಮ್ಯಾಚ್ ನೋಡುವ ಲೆಕ್ಕವೇ ಬದಲಾಯಿತು. ಹತ್ತು ಹನ್ನೆರಡು ಮಂದಿ ಕೂರುತ್ತಿದ್ದಲ್ಲಿಗೆ ನಲವತ್ತು ಮಂದಿ ಬರುತ್ತಾರೆ. ಅದರಲ್ಲಿ ಅರ್ಧ ಮಂದಿಗೆ ಪವರ್‌ಪ್ಲೇ ಎಂದರೇನು ಗೊತ್ತಿಲ್ಲ, ಇನ್ನರ್ಧ ಮಂದಿಗೆ ಅದನ್ನು ಕೇಳುವವರನ್ನು ಕಂಡರೆ ಆಗುವುದಿಲ್ಲ. ಇವರಿಬ್ಬರ ಜಗಳದಲ್ಲಿ ಹೆಚ್ಚಿನದು ಆಟದ ಬಗೆಗಿನದಲ್ಲ, ಕುರ್ಚಿಯದು, ದುಡ್ಡಿನದು, ಸದ್ದಿನದು. ಆ ಮೂರನ್ನು ಮೊದಲೇ ಹೊಂದಿಸಿಟ್ಟರೆ ಉಳಿಯುವುದು ಬಾಯಿಮಾತಿನ ತಂಟೆ. ಅದಕ್ಕೂ ದಾರಿ ಇದೆ.

ಇಲ್ಲಿರುವ ಅಳತೆಗಳೆಲ್ಲ ನಲವತ್ತು ಮಂದಿಗೆ. ಹದಿನೈದೇ ಮಂದಿ ಇದ್ದರೆ ಪ್ರೊಜೆಕ್ಟರ್ ಗೋಜು ಬೇಡ, 55 ಇಂಚಿನ ಟಿವಿ ಸಾಕು.

ಮೊದಲು ಜಾಗ, ಆಮೇಲೆ ಪರದೆ

ನಲವತ್ತು ಮಂದಿಗೆ 14 ಅಡಿ ಅಗಲ, 27 ಅಡಿ ಉದ್ದದ ಜಾಗ ಬೇಕು. ಆರ್‌ಸಿಸಿ ಟೆರೇಸ್ ಆದರೆ ಸುತ್ತ ಕನಿಷ್ಠ ಮೂರೂವರೆ ಅಡಿ ಕಟ್ಟೆ ಇರಲಿ. ಗದಗ ಕಡೆಯ ಹಳೆ ಮನೆಗಳ ಮೇಲ್ಮುದ್ದೆ ಹಾಕಿದ ಮಣ್ಣಿನ ಮಾಳಿಗೆ ಮೇಲೆ ಈ ಏರ್ಪಾಡು ಬೇಡವೇ ಬೇಡ. ಸಿಕ್ಸರ್ ಬಿದ್ದಾಗ ನಲವತ್ತು ಮಂದಿ ಒಮ್ಮೆಲೇ ಜಿಗಿಯುತ್ತಾರೆ, ತೊಲೆಗಳನ್ನು ಅಷ್ಟು ಭಾರಕ್ಕೆ ಇಟ್ಟಿರುವುದಿಲ್ಲ. ಅಂಥ ಮನೆಯಿದ್ದರೆ ಅಂಗಳವೇ ಲೇಸು.

ಪರದೆ 8 ಅಡಿ ಅಗಲ, ನಾಲ್ಕೂವರೆ ಅಡಿ ಎತ್ತರ. ಸುಣ್ಣ ಹೊಡೆದ ಸಪಾಟು ಗೋಡೆ ಸಿಕ್ಕರೆ ಅದಕ್ಕಿಂತ ಒಳ್ಳೆಯ ಪರದೆ ಇಲ್ಲ. ಬಿಳಿ ಬಟ್ಟೆಯಾದರೆ ಎರಡು ಪದರ ಹಾಕಿ; ಒಂದೇ ಪದರದಲ್ಲಿ ಬೆಳಕು ಹಿಂದಕ್ಕೆ ಸೋರಿ ಚಿತ್ರ ಮಂಕಾಗುತ್ತದೆ. ಬರೀ ಮೇಲಿನ ಎರಡು ಮೂಲೆ ಕಟ್ಟಿದರೆ ಗಾಳಿಗೆ ಬಟ್ಟೆ ಉಬ್ಬಿ ಚೆಂಡು ಬ್ಯಾಟಿಗೆ ತಾಗಿತೋ ಪ್ಯಾಡಿಗೆ ತಾಗಿತೋ ತಿಳಿಯುವುದಿಲ್ಲ. ಬಿದಿರಿನ ಚೌಕಟ್ಟಿಗೆ ನಾಲ್ಕೂ ಕಡೆ ಬಿಗಿಯಬೇಕು, ಕೆಳ ಅಂಚಿಗೆ ಒಂದು ಪೈಪ್ ಸೇರಿಸಬೇಕು. ಪರದೆಯ ಕೆಳ ಅಂಚು ನೆಲದಿಂದ 4 ಅಡಿ ಮೇಲಿರಲಿ.

ಪ್ರೊಜೆಕ್ಟರ್ ಬಾಡಿಗೆಗೆ ತರುವಾಗ ಕೇಳಬೇಕಾದ ಪ್ರಶ್ನೆ ಒಂದೇ: ಎಷ್ಟು ಆನ್ಸಿ ಲ್ಯೂಮೆನ್ (ಬೆಳಕಿನ ಪ್ರಮಾಣಿತ ಅಳತೆ)? 3000 ಇದ್ದರೆ ನಿಶ್ಚಿಂತೆ. ಆನ್ಸಿ ಎಂದು ಬರೆಯದೆ ಬರೀ ಲ್ಯೂಮೆನ್ ಎಂದು ದೊಡ್ಡ ಅಂಕಿ ಬರೆದ ಅಗ್ಗದ ಡಬ್ಬಿಗಳನ್ನು ನಂಬಬೇಡಿ. ಸಂಜೆ ಏಳೂವರೆಯ ಮ್ಯಾಚಿಗೆ ಕತ್ತಲು ಸಾಕಷ್ಟು ಇರುತ್ತದೆ. ಮಧ್ಯಾಹ್ನ ಮೂರೂವರೆಯ ಮ್ಯಾಚನ್ನು ಬಯಲಲ್ಲಿ ಪ್ರೊಜೆಕ್ಟರ್ ಹಾಕಿ ತೋರಿಸುವುದು ಆಗದ ಮಾತು. ಕಿಟಕಿ ಮುಚ್ಚಬಹುದಾದ ಹಾಲ್ ಹಿಡಿಯಿರಿ, ಇಲ್ಲವೇ ಆ ದಿನ ಟಿವಿಗಳ ಮುಂದೆ ಹಂಚಿ ಕುಳಿತುಕೊಳ್ಳಿ.

ಸಾಮಾನ್ಯ ಪ್ರೊಜೆಕ್ಟರಿಗೆ ಪರದೆಯ ಅಗಲದ ಒಂದೂವರೆ ಪಟ್ಟು ದೂರ ಬೇಕು, ಅಂದರೆ 12 ಅಡಿ. ಅದು ಮಂದಿಯ ನಡುವೆಯೇ ಬರುತ್ತದೆ. ಹಾಗಾಗಿ ನಡುವೆ ಮೂರಡಿ ಓಡಾಟದ ದಾರಿ ಬಿಟ್ಟು, ಆ ದಾರಿಯಲ್ಲೇ ಮೂರೂವರೆ ಅಡಿ ಎತ್ತರದ ಗಟ್ಟಿ ಮೇಜಿನ ಮೇಲೆ ಇಡಿ. ಮೇಜಿನ ಎರಡೂ ಬದಿಗೆ ತಾಳ್ಮೆಯ ಇಬ್ಬರನ್ನು ಕೂರಿಸಿ. ವಿಕೆಟ್ ಬಿದ್ದಾಗ ಮೇಜಿಗೆ ಕಾಲು ತಾಗುವುದು, ಹುಡುಗರು ಬೆಳಕಿನಲ್ಲಿ ಕೈ ಆಡಿಸುವುದು ಎರಡೂ ಖಂಡಿತ ನಡೆಯುವ ಸಂಗತಿಗಳು.

ಕೂರುವ ಲೆಕ್ಕ ಹೀಗೆ: ಪರದೆಯಿಂದ 9 ಅಡಿ ಖಾಲಿ. ಅಲ್ಲಿಂದ ಜಮಖಾನೆ ಮೇಲೆ ಎರಡು ಸಾಲು, ಸಾಲಿಗೆ ಎಂಟು ಮಂದಿ. ಅದರ ಹಿಂದೆ ನಾಲ್ಕು ಸಾಲು ಕುರ್ಚಿ, ದಾರಿಯ ಎರಡೂ ಕಡೆ ಮೂರು ಮೂರು. ಕೊನೆಯ ಸಾಲು 27 ಅಡಿ ದಾಟಬಾರದು. ಆಚೆ ಕೂತವರಿಗೆ ಸ್ಕೋರಿನ ಅಂಕಿ ಕಾಣುವುದಿಲ್ಲ, ಅವರು ಬಾಲಿಗೊಮ್ಮೆ "ಎಷ್ಟ್ ಆತೋ?" ಎಂದು ಕೇಳುತ್ತಾರೆ. ಹೊಸಬರ ಮೇಲೆ ಹಳಬರು ಸಿಡುಕುವುದು ಬಹಳ ಸಲ ಇದರಿಂದಲೇ. ಪ್ರಶ್ನೆ ಕೇಳಿದವನದು ತಪ್ಪಲ್ಲ, ಕುರ್ಚಿ ಇಟ್ಟವನದು.

ಎಚ್‌ಡಿಎಂಐ ಕೇಬಲ್ 10 ಮೀಟರ್ ಮೀರಿದರೆ ಚಿತ್ರ ಆಗಾಗ ಕಪ್ಪಾಗಬಹುದು. ಸೆಟ್‌ಟಾಪ್ ಬಾಕ್ಸನ್ನು ಪ್ರೊಜೆಕ್ಟರ್ ಮೇಜಿನ ಮೇಲೇ ಇಟ್ಟು, ಡಿಶ್‌ನ ಕೇಬಲನ್ನೇ ಅಲ್ಲಿಯವರೆಗೆ ಎಳೆಯಿರಿ. ಆ ಕೇಬಲ್ 30 ಮೀಟರ್ ಎಳೆದರೂ ತೊಂದರೆಯಿಲ್ಲ.

ಮೊಬೈಲ್ ಆ್ಯಪಿನಿಂದ ತೋರಿಸಬೇಡಿ. ಇಂಟರ್ನೆಟ್ ಪ್ರಸಾರ ಡಿಟಿಎಚ್‌ಗಿಂತ ಸಾಮಾನ್ಯವಾಗಿ ಹಲವು ಸೆಕೆಂಡ್ ಹಿಂದೆ ಇರುತ್ತದೆ. ಬೌಲರ್ ಇನ್ನೂ ಓಡಿ ಬರುತ್ತಿರುವಾಗ ಪಕ್ಕದ ಮನೆಯಲ್ಲಿ ಕೂಗು ಎದ್ದರೆ ಕೊನೆಯ ಓವರಿನ ಗತಿ ಏನು? ಸ್ಕೋರ್ ನೋಡುವ ಆ್ಯಪ್ ತೆರೆದು ಮುಂಚೆಯೇ ಹೇಳುವವರ ಫೋನೂ ಜೇಬಿನಲ್ಲಿರಲಿ. ಕಾಮೆಂಟರಿ ಕನ್ನಡದ್ದೇ ಇಡಿ. ಇಂಗ್ಲಿಷಿನದೇ ಬೇಕೆನ್ನುವ ಒಬ್ಬಿಬ್ಬರು ಇದ್ದೇ ಇರುತ್ತಾರೆ, ಆದರೆ ಹೊಸಬರ ಅರ್ಧ ಪ್ರಶ್ನೆಗಳಿಗೆ ಕನ್ನಡ ಕಾಮೆಂಟರಿಯೇ ಉತ್ತರ ಕೊಟ್ಟುಬಿಡುತ್ತದೆ.

ಕರೆಂಟು, ಕಾನೂನು

ಏಪ್ರಿಲ್, ಮೇ ಅಂದರೆ ನಮ್ಮ ಕಡೆ ಅಡ್ಡಮಳೆಯ ಕಾಲ. ಗುಡುಗು ಗಾಳಿ ಬಂತೆಂದರೆ ಕರೆಂಟು ಹೋಯಿತು. ಪ್ರೊಜೆಕ್ಟರ್ ಸುಮಾರು 300 ವಾಟ್, ಸ್ಪೀಕರ್ ಮತ್ತು ಸೆಟ್‌ಟಾಪ್ ಬಾಕ್ಸ್ ಸೇರಿ ಇನ್ನೊಂದು 150. ಮನೆಯ 150 ಎಎಚ್ ಬ್ಯಾಟರಿಯ ಇನ್ವರ್ಟರ್ ಇಷ್ಟನ್ನು ಎರಡೂವರೆ ತಾಸು ಎಳೆಯುತ್ತದೆ, ಬ್ಯಾಟರಿ ಹಳೆಯದಾದರೆ ಇನ್ನೂ ಕಡಿಮೆ. ಮ್ಯಾಚ್ ನಡೆಯುವುದು ಹತ್ತಿರ ಹತ್ತಿರ ನಾಲ್ಕು ತಾಸು. ಆದ್ದರಿಂದ ಮನೆಯ ಫ್ಯಾನು, ದೀಪ ಎಲ್ಲ ಅದರಿಂದ ಬಿಡಿಸಿಡಿ. ಇನ್ವರ್ಟರಿನಲ್ಲಿ ಯುಪಿಎಸ್ ಮೋಡ್ ಇದ್ದರೆ ಅದಕ್ಕೇ ಹಾಕಿ. ಬದಲಾವಣೆ ತಡವಾದರೆ ಸೆಟ್‌ಟಾಪ್ ಬಾಕ್ಸ್ ಆರಿ ಮತ್ತೆ ಚಾಲೂ ಆಗಲು ಒಂದೆರಡು ನಿಮಿಷ ತೆಗೆದುಕೊಳ್ಳುತ್ತದೆ. ಲ್ಯಾಂಪ್ ಇರುವ ಪ್ರೊಜೆಕ್ಟರ್ ಆದರೆ ಬಿಸಿ ಇಳಿಯುವವರೆಗೆ ಮತ್ತೆ ಹೊತ್ತುವುದೇ ಇಲ್ಲ. ಒಂದು ಓವರ್ ಅಷ್ಟರಲ್ಲಿ ಮುಗಿದಿರುತ್ತದೆ.

ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ, 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ ಅದು. ಎರಡನೇ ಇನಿಂಗ್ಸ್ ಶುರುವಾಗುವುದೇ ಒಂಬತ್ತೂವರೆ ಹೊತ್ತಿಗೆ, ಮುಗಿಯುವುದು ಹನ್ನೊಂದು ದಾಟಿ. ಅಂದರೆ ರೋಚಕ ಭಾಗವೆಲ್ಲ ಹತ್ತರ ನಂತರವೇ ಬರುತ್ತದೆ. ಮುಚ್ಚಿದ ಹಾಲ್ ಆದರೆ ಒಳಗೇ ಕೇಳುವಷ್ಟು ಸದ್ದಿಗೆ ಅಡ್ಡಿಯಿಲ್ಲ. ಟೆರೇಸ್ ಆದರೆ ಹತ್ತಕ್ಕೆ ದೊಡ್ಡ ಸ್ಪೀಕರ್ ಬಂದ್ ಮಾಡಿ, ಟಿವಿಯಷ್ಟೇ ಸದ್ದಿನ ಒಂದು ಸಣ್ಣ ಸ್ಪೀಕರನ್ನು ನಡುವೆ ಇಡಿ. ಇದನ್ನು ಮೊದಲೇ ಹೇಳಿಡದಿದ್ದರೆ ಹೊಸಬರು "ಯಾಕ್ರೀ ವಾಲ್ಯೂಮ್ ಕಡಿಮಿ ಮಾಡಿದ್ರಿ" ಎಂದು ಅದೇ ಹೊತ್ತಿಗೆ ಗದ್ದಲ ಎಬ್ಬಿಸುತ್ತಾರೆ.

ಮನೆಯ ಡಿಟಿಎಚ್ ಕನೆಕ್ಷನ್ ಮನೆಯ ಮಟ್ಟಿಗೆ. ಟಿಕೆಟ್ ಇಟ್ಟು, ಅಂಗಡಿಯವರ ಬ್ಯಾನರ್ ಕಟ್ಟಿ ತೋರಿಸುವುದಾದರೆ ಪ್ರಸಾರ ಮಾಡುವ ಕಂಪನಿಯ ಪರವಾನಗಿ ಬೇಕು. ಮೈದಾನ, ರಸ್ತೆ ಬಳಸುವುದಾದರೆ ಪಾಲಿಕೆಯ ಮತ್ತು ಪೊಲೀಸರ ಅನುಮತಿಯೂ ಬೇಕು. ಅದಕ್ಕೇ ಮನೆಯ ಕಾಂಪೌಂಡಿನೊಳಗೆ, ಗುರುತಿನ ಮಂದಿಯೊಳಗೆ ಇಟ್ಟುಕೊಳ್ಳುವುದು ವಾಸಿ. ಬೆಟ್ಟಿಂಗ್ ಹಿಡಿಯುವವನು ಗೆಲ್ಲುವ ತಂಡದ ಹಿಂದೆಯೇ ಬರುತ್ತಾನೆ. ಮೊದಲ ದಿನವೇ ಎಬ್ಬಿಸಿ ಕಳಿಸಿ. ಅದು ಅಪರಾಧ, ಪೊಲೀಸರು ಮೊದಲು ಕೇಳುವುದು ಜಾಗದ ಮಾಲೀಕನನ್ನು.

ಪಟ್ಟಿ ಮತ್ತು ಕುರ್ಚಿ

ಇದು ಎಲ್ಲಕ್ಕಿಂತ ಸೂಕ್ಷ್ಮ. ಲೀಗಿನಲ್ಲಿ ಒಂದು ತಂಡಕ್ಕೆ 14 ಮ್ಯಾಚ್. ಹಳಬರು ಮೊದಲನೆಯದಕ್ಕೇ ಬಂದು ಬಾಡಿಗೆಗೆ ಪಟ್ಟಿ, ಅಂದರೆ ವಂತಿಗೆ, ಕೊಟ್ಟಿರುತ್ತಾರೆ. ಲೀಗ್ ಮುಗಿದು ಮೊದಲ ನಾಲ್ಕು ತಂಡಗಳ ಪ್ಲೇಆಫ್ ಬಂತೆಂದರೆ ಹೊಸಬರು ಆರೂವರೆಗೇ ಬಂದು ಕುರ್ಚಿ ಹಿಡಿದಿರುತ್ತಾರೆ, ಹಳಬರು ಡ್ಯೂಟಿ ಮುಗಿಸಿ ಏಳೂವರೆಗೆ ಬಂದರೆ ನಿಲ್ಲುವ ಪಾಳಿ. ಅಲ್ಲಿಂದ "ಲೇ ತಮ್ಮಾ, 2016ರಾಗ ಎಲ್ಲಿದ್ದಿ ನೀ?" ಶುರು.

ಒಂದು ನೋಟ್‌ಬುಕ್ ಇಡಿ. ಯಾರು ಯಾವ ಮ್ಯಾಚಿಗೆ ಬಂದರು ಎಂದು ಗುರುತು ಹಾಕಿ. 14ರಲ್ಲಿ 5ಕ್ಕೆ ಬಂದವರ ಕುರ್ಚಿಯನ್ನು ಪ್ಲೇಆಫ್ ದಿನ ಟಾಸ್ ಹೊತ್ತಿನವರೆಗೆ, ಅಂದರೆ ಏಳು ಗಂಟೆಯವರೆಗೆ ಕಾಯ್ದಿಡಿ. ಡ್ಯೂಟಿ ಇರುವವರು ಏಳರೊಳಗೆ ಫೋನ್ ಮಾಡಿದರೆ ಏಳೂವರೆವರೆಗೆ. ಆಮೇಲೆ ಖಾಲಿ ಇದ್ದದ್ದು ಬಂದವರದು. ಯಾವ ವರ್ಷದಿಂದ ಅಭಿಮಾನಿ ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅದನ್ನು ಸಾಬೀತು ಮಾಡುವುದಕ್ಕಾಗುವುದಿಲ್ಲ, ಎಲ್ಲರೂ 2008ರಿಂದಲೇ ಎನ್ನುತ್ತಾರೆ. ಈ ಸೀಸನ್ನಿನ ಐದು ಮ್ಯಾಚ್ ಮಾತ್ರ ಹಳಬನಿಗೂ ಹೊಸಬನಿಗೂ ಒಂದೇ ಅಳತೆ. ಮುಪ್ಪಿನವರಿಗೆ, ಗರ್ಭಿಣಿಯರಿಗೆ ಈ ಲೆಕ್ಕ ಬೇಡ, ದಾರಿಯ ಪಕ್ಕದ ಕುರ್ಚಿ ಅವರದು.

ಪಟ್ಟಿ ಲೀಗಿಗೂ ಫೈನಲ್ಲಿಗೂ ಒಂದೇ ಇರಲಿ. ಫೈನಲ್ ದಿನ ಹೊಸಬರಿಂದ ಹೆಚ್ಚು ಎತ್ತುವ ಆಸೆ ಬರುತ್ತದೆ. ಹೆಚ್ಚು ಕೊಟ್ಟವನು ಹೆಚ್ಚು ಹಕ್ಕು ಕೇಳುತ್ತಾನೆ, ಮುಂದಿನ ಸಾಲಿಗೇ ಬರುತ್ತಾನೆ.

ಹಳಬರಿಗೆ ಎರಡು ಮಾತು

ಪರೀಕ್ಷೆ ತೆಗೆದುಕೊಳ್ಳಬೇಡಿ. "ಆರ್‌ಸಿಬಿ ಮೊದಲನೇ ಕ್ಯಾಪ್ಟನ್ ಯಾರು ಹೇಳ್ ನೋಡೋಣ" ಎಂದು ಕೇಳಿದರೆ ಬಂದವನು ದ್ರಾವಿಡ್ ಹೆಸರು ಕಲಿಯುವುದಿಲ್ಲ, ಮರುದಿನ ಬರುವುದನ್ನು ಬಿಡುತ್ತಾನೆ. ಹಳಬರಲ್ಲಿ ಬಹಳ ಮಂದಿ ಇನ್ನೊಂದು ತಪ್ಪು ಹೇಳುತ್ತಾರೆ: ಹದಿನೆಂಟು ವರ್ಷಕ್ಕೆ ಮೊದಲ ಕಪ್ ಬಂತು ಎಂದು. ಆರ್‌ಸಿಬಿಗೆ ಮೊದಲ ಕಪ್ ತಂದವರು ಹೆಣ್ಣುಮಕ್ಕಳು. 2024ರ ಮಾರ್ಚ್ 17ರಂದು ಮಹಿಳಾ ಪ್ರೀಮಿಯರ್ ಲೀಗಿನ ಫೈನಲ್ಲಿನಲ್ಲಿ ದೆಹಲಿಯನ್ನು 113ಕ್ಕೆ ಉರುಳಿಸಿ ಎಂಟು ವಿಕೆಟ್‌ನಿಂದ ಗೆದ್ದರು, ಶ್ರೇಯಾಂಕಾ ಪಾಟೀಲ 12 ರನ್ನಿಗೆ 4 ವಿಕೆಟ್ ತೆಗೆದಳು. ಸ್ಮೃತಿ ಮಂಧಾನಾ ಆಟ ನೋಡಿ ಬಂದ ಓಣಿಯ ಹುಡುಗಿಯರನ್ನು "ಹೊಸಬರು" ಎನ್ನುವ ಮೊದಲು ಇದು ನೆನಪಿರಲಿ. ಕಪ್ ಕಂಡ ಲೆಕ್ಕದಲ್ಲಿ ಅವರೇ ಹಿರಿಯರು.

ಗೌರವ ಬೇಕಾದರೆ ಕೆಲಸ ಹಿಡಿಯಿರಿ. ಒಬ್ಬರು ಬೋರ್ಡಿನ ಮೇಲೆ ಓವರ್ ಓವರಿಗೆ ಸ್ಕೋರು, ಬೇಕಾದ ರನ್, ಉಳಿದ ಬಾಲು ಬರೆಯಲಿ. ಒಬ್ಬರು ಹೊಸಬರ ನಡುವೆ ಕೂತು ಕೇಳಿದ್ದಕ್ಕೆ ಹೇಳಲಿ. ಪ್ರತಿ ಬಾಲಿಗೂ ಪಾಠ ಮಾಡುವವರು ಈ ಕೆಲಸಕ್ಕೆ ಬೇಡ. ಓವರುಗಳ ನಡುವೆ ಹೇಳುವುದು, ಕೊನೆಯ ಮೂರು ಓವರ್ ಪೂರ್ತಿ ಸುಮ್ಮನಿರುವುದು, ಇಷ್ಟು ಬಲ್ಲವರು ಓಣಿಗೊಬ್ಬರು ಸಿಗುತ್ತಾರೆ. ಸಾಮಾನ್ಯವಾಗಿ ರಿಟೈರ್ ಆದ ಮಾಸ್ತರರು.

ಹೊಸಬರು ಕಲಿಯಬೇಕಾದದ್ದು

ಮೊದಲ ಆರು ಓವರ್ ಪವರ್‌ಪ್ಲೇ, ಒಳವೃತ್ತದ ಆಚೆ ಇಬ್ಬರೇ ಫೀಲ್ಡರ್. ಆಮೇಲೆ ಐವರು. ಇಂಪ್ಯಾಕ್ಟ್ ಪ್ಲೇಯರ್ 2023ರಲ್ಲಿ ಬಂದ ನಿಯಮ, ಹನ್ನೊಂದರಲ್ಲಿ ಒಬ್ಬನ ಬದಲು ಇನ್ನೊಬ್ಬನನ್ನು ನಡುವೆ ಇಳಿಸಬಹುದು. ಟೈಮ್‌ಔಟ್ ಎರಡೂವರೆ ನಿಮಿಷ: ಬೌಲಿಂಗ್ ತಂಡದ್ದು 6ರಿಂದ 9ನೇ ಓವರಿನೊಳಗೆ, ಬ್ಯಾಟಿಂಗ್ ತಂಡದ್ದು 13ರಿಂದ 16ರೊಳಗೆ. ನೀರು ಕುಡಿಯಲು, ಕೆಳಗೆ ಹೋಗಿ ಬರಲು ಅದೇ ಹೊತ್ತು. ಬಾಲ್ ನಡೆದಿರುವಾಗ ಎದ್ದು ನಿಲ್ಲಬಾರದು. ಇಷ್ಟು ಗೊತ್ತಿದ್ದರೆ ಮೊದಲ ವಾರ ಕಳೆಯುತ್ತದೆ.

ಮೇ ತಿಂಗಳಲ್ಲಿ ಎಲ್ಲರ ಬಾಯಲ್ಲೂ ಬರುವುದು, ಅಂಕ ಸಮವಾದ ತಂಡಗಳಲ್ಲಿ ಯಾರು ಮೇಲೆ ಎಂದು ನೋಡುವ ನೆಟ್ ರನ್‌ರೇಟ್. ಹಳಬರಲ್ಲೇ ಬಹಳ ಮಂದಿಗೆ ಇದು ಬಾರದು, ಹೊಸಬರು ಕಲಿತರೆ ಒಂದು ಹೆಜ್ಜೆ ಮುಂದೆ. ಸೀಸನ್ನಿನಲ್ಲಿ ಹೊಡೆದ ರನ್ನನ್ನು ಆಡಿದ ಓವರಿನಿಂದ ಭಾಗಿಸಿ. ಅದರಿಂದ, ಕೊಟ್ಟ ರನ್ನನ್ನು ಬೌಲ್ ಮಾಡಿದ ಓವರಿನಿಂದ ಭಾಗಿಸಿ ಬಂದದ್ದನ್ನು ಕಳೆಯಿರಿ. ಎದುರಿನವರು 20 ಓವರಿಗೆ 160 ಹೊಡೆದರು: 8.00. ನಾವು 16 ಓವರಿನಲ್ಲೇ 161 ಮುಟ್ಟಿದೆವು: 10.06. ಆ ಮ್ಯಾಚಿನ ಲೆಕ್ಕ 2.06 ಲಾಭ. ಎಡವುವುದು ಆಲ್‌ಔಟ್ ಆದಾಗ. 15 ಓವರಿಗೆ 120ಕ್ಕೆ ಆಲ್‌ಔಟ್ ಆದರೆ 15ರಿಂದ ಭಾಗಿಸುವಂತಿಲ್ಲ, ಪೂರ್ತಿ 20ರಿಂದ. ಅಂದರೆ 8 ಅಲ್ಲ, 6.

ಇತಿಹಾಸ ಹೇಳುವುದಾದರೆ ಎಲ್ಲ ಬೇಡ. 2008ರ ಏಪ್ರಿಲ್ 18, ಐಪಿಎಲ್‌ನ ಮೊಟ್ಟಮೊದಲ ಮ್ಯಾಚ್: ಕೋಲ್ಕತ್ತಾದ ಮೆಕಲಮ್ ಒಬ್ಬನೇ 158, ಆರ್‌ಸಿಬಿ ಇಡೀ ತಂಡ 82. ಏಪ್ರಿಲ್ 23 ಎಂಬ ತಾರೀಖು: 2013ರಲ್ಲಿ ಅದೇ ದಿನ ಗೇಲ್ 175, ತಂಡ 263, 2017ರಲ್ಲಿ ಅದೇ ದಿನ 49ಕ್ಕೆ ಆಲ್‌ಔಟ್. ಸೋತ ಫೈನಲ್‌ಗಳು ಮೂರು, 2009, 2011, 2016. ಕೊನೆಯದರಲ್ಲಿ 209 ಬೆನ್ನಟ್ಟುತ್ತಾ ಗೇಲ್, ಕೊಹ್ಲಿ ಮೊದಲ ವಿಕೆಟ್ಟಿಗೆ 114 ಕೂಡಿಸಿದ ಮೇಲೂ 8 ರನ್ನಿಗೆ ಸೋತದ್ದು. 2009ರ ಫೈನಲ್ ಸೋತದ್ದು 6 ರನ್ನಿಗೆ, 2025ರದು ಗೆದ್ದದ್ದೂ 6 ರನ್ನಿಗೆ. ಇಷ್ಟು ಕೇಳಿದವನಿಗೆ, ಹಳಬರು ಹನ್ನೆರಡನೇ ಓವರಿಗೇ "ಈ ಸಲ ಕಪ್ ನಮ್ದೇ" ಎಂದು ಕೂಗಿದವನ ಬಾಯಿ ಯಾಕೆ ಮುಚ್ಚಿಸುತ್ತಾರೆ ಎಂದು ಬೇರೆ ಹೇಳಬೇಕಿಲ್ಲ.

ಇನಿಂಗ್ಸ್ ನಡುವಿನ ಇಪ್ಪತ್ತು ನಿಮಿಷ

ಇದು ಗಿರ್ಮಿಟ್ ಹೊತ್ತು. ಮಂದಿ ಒಬ್ಬರಿಗೊಬ್ಬರು ಮಾತಾಡುವುದೂ ಆಗಲೇ. ನಲವತ್ತು ಮಂದಿಗೆ ಚುರಮುರಿ ಎರಡೂವರೆ ಕಿಲೋ, ಉಳ್ಳಾಗಡ್ಡಿ 2 ಕಿಲೋ, ಟೊಮೆಟೊ 1 ಕಿಲೋ, ಹುಣಸೆಹಣ್ಣು 150 ಗ್ರಾಂ, ಬೆಲ್ಲ 150 ಗ್ರಾಂ, ಪುಟಾಣಿ ಪುಡಿ 300 ಗ್ರಾಂ, ಎಣ್ಣೆ ಅರ್ಧ ಲೀಟರಿಗೆ ಸ್ವಲ್ಪ ಕಡಿಮೆ, ಹಸಿಮೆಣಸಿನಕಾಯಿ 150 ಗ್ರಾಂ. ಉಳ್ಳಾಗಡ್ಡಿಯಲ್ಲಿ ಕಾಲುಭಾಗ ಹಸಿಯಾಗಿ ಮೇಲೆ ಉದುರಿಸಲು ಎತ್ತಿಡಿ. ಒಗ್ಗರಣೆಯ ಮಸಾಲೆಯನ್ನು ಸಂಜೆ ಆರಕ್ಕೇ ಮಾಡಿ ಆರಲು ಬಿಡಿ. ಚುರಮುರಿಗೆ ಮೊದಲೇ ಕಲಸಿಟ್ಟರೆ ಹತ್ತು ನಿಮಿಷದಲ್ಲಿ ಮೆತ್ತಗಾಗಿ ಕೆಡುತ್ತದೆ. ಹತ್ತು ಹತ್ತು ಪ್ಲೇಟಿನಂತೆ ನಾಲ್ಕು ಸಲ ಕಲಸಿ. ಮಿರ್ಚಿ ಮಂದಿಗೆರಡು, ಎಂಬತ್ತು. ಟಾಸಿಗೆ ಮೊದಲೇ ಅರೆ ಕರಿದಿಟ್ಟು, 18ನೇ ಓವರಿಗೆ ಎಣ್ಣೆ ಕಾಯಿಸಿ ಎರಡನೇ ಸಲ ಬಿಡಿ, ಗರಿಗರಿಯಾಗುತ್ತದೆ. ಒಲೆ ಕೆಳಗೆ, ಅಂಗಳದಲ್ಲಿ. ಮಂದಿ ಜಿಗಿಯುವ ಟೆರೇಸಿನ ಮೇಲೆ ಕಾದ ಎಣ್ಣೆ ಬೇಡ. ಕಲಸುವ ಕೆಲಸಕ್ಕೆ ಒಬ್ಬ ಹಳಬನನ್ನೂ ಒಬ್ಬ ಹೊಸಬನನ್ನೂ ಜೋಡಿ ಮಾಡಿ. ಹೆಂಗಸರ ಮೇಲೆಯೇ ಹೊರಿಸಿ ನೀವು ಮ್ಯಾಚ್ ನೋಡುವುದಾದರೆ, ಅವರು ಮುಂದಿನ ಸಲ ಬರದಿದ್ದಾಗ ಆಶ್ಚರ್ಯಪಡಬೇಡಿ.

ಗೆದ್ದ ರಾತ್ರಿ

2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಕಿರಿದಾದ ಬಾಗಿಲು, ಒಳಹೋಗುವ ದಾರಿಯ ಬಗ್ಗೆ ಗೊಂದಲ, ಹಿಂದಿನಿಂದ ತಳ್ಳುವ ಮಂದಿ. ಟೆರೇಸಿನ ಮೆಟ್ಟಿಲಿಗೂ ಇದೇ ಲೆಕ್ಕ. ಎರಡೂವರೆ ಅಡಿಯ ಮೆಟ್ಟಿಲಲ್ಲಿ ನಲವತ್ತು ಮಂದಿ ಒಮ್ಮೆಲೇ ಇಳಿಯಬಾರದು. ಕೊನೆಯ ಓವರಿಗೆ ಮುಂಚೆ ಮೆಟ್ಟಿಲ ದೀಪ ಹಾಕಿ, ಚಪ್ಪಲಿಗಳನ್ನು ಮೆಟ್ಟಿಲಿಂದ ತೆಗೆಸಿ, ಬಾಗಿಲಲ್ಲಿ ಒಬ್ಬರು ನಿಲ್ಲಲಿ. ಮಕ್ಕಳು ಮತ್ತು ಹಿರಿಯರು ಮೊದಲು, ಉಳಿದವರು ಪ್ರಶಸ್ತಿ ಕೊಡುವುದು ಮುಗಿದ ಮೇಲೆ. ಟೆರೇಸಿನಲ್ಲಿ ಪಟಾಕಿ ಬೇಡ.

ಬೈಕ್ ಮೇಲೆ ಹುಬ್ಬಳ್ಳಿಯ ಚೆನ್ನಮ್ಮ ವೃತ್ತಕ್ಕೆ ಹೊರಡುವ ಉಮೇದು ಹೆಚ್ಚಾಗಿ ಹೊಸ ಹುಡುಗರಿಗೆ. ಕಿಮ್ಸ್ ಆಸ್ಪತ್ರೆಗೆ ಹೋಗುವ ಆಂಬುಲೆನ್ಸುಗಳ ದಾರಿ ಅದು. ಮೂವರು ಕೂತ ಬೈಕ್, ಸೈಲೆನ್ಸರ್ ಬಿಚ್ಚಿದ ಬೈಕ್ ಕಾಂಪೌಂಡಿನಿಂದ ಹೊರಬೀಳದಂತೆ ಗೇಟಿನ ಕೀಲಿ ಮನೆಯ ಮಾಲೀಕರ ಕೈಯಲ್ಲಿರಲಿ.

ಸೋತ ರಾತ್ರಿಗೆ ಏರ್ಪಾಡು ಕಡಿಮೆ. ಅರ್ಧ ಮಂದಿ 17ನೇ ಓವರಿಗೇ ಎದ್ದು ಹೋಗುತ್ತಾರೆ, ಹೋಗಲಿ. ಕುರ್ಚಿ ಮಡಚಲು ಉಳಿದವರ ಹೆಸರು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮುಂದಿನ ಸೀಸನ್ನಿಗೆ ಮೊದಲು ಫೋನ್ ಮಾಡಬೇಕಾದವರು ಅವರು, ಹಳಬರಾಗಲಿ ಹೊಸಬರಾಗಲಿ.

ಐಪಿಎಲ್ ಮುಗಿದ ಮೇಲೆ

ಹೊಸಬರಲ್ಲಿ ಯಾರಿಗೆ ಆಟವೇ ಹಿಡಿಸಿದೆ ಎಂದು ಗೊತ್ತಾಗುವುದು ಐಪಿಎಲ್ ಇಲ್ಲದ ತಿಂಗಳುಗಳಲ್ಲಿ. ಆಗಸ್ಟಿನಲ್ಲಿ ಕರ್ನಾಟಕದ ಟಿ20 ಲೀಗ್ ಮಹಾರಾಜಾ ಟ್ರೋಫಿ ಬಂದರೆ ಹುಬ್ಬಳ್ಳಿ ಟೈಗರ್ಸ್ ಇದೆ. 2023ರಲ್ಲಿ ಮೈಸೂರು ವಾರಿಯರ್ಸನ್ನು 8 ರನ್ನಿಂದ ಸೋಲಿಸಿ ಕಪ್ ಗೆದ್ದ ತಂಡ. ಊರ ಹೆಸರಿನ ತಂಡ ಗೆದ್ದಾಗ ಎಷ್ಟು ಮಂದಿ ಹಳಬರು ನೋಡಿದ್ದರು ಎಂದು ಹೊಸಬರು ತಿರುಗಿ ಕೇಳಬಹುದು. ಗದಗಿನವರಾದರೆ ಅದೇ ಊರಿನ ಸ್ಪಿನ್ ಬೌಲರ್ ಸುನೀಲ್ ಜೋಶಿ ಹೆಸರು ಹೇಳಿ. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ಎದುರು 10 ಓವರ್, 6 ಮೇಡನ್ (ರನ್ ಕೊಡದ ಓವರ್), 6 ರನ್, 5 ವಿಕೆಟ್.

ಹುಬ್ಬಳ್ಳಿಯ ರಾಜನಗರ ಮೈದಾನಕ್ಕೆ ಕರ್ನಾಟಕದ ರಣಜಿ ಮ್ಯಾಚ್ (ರಾಜ್ಯ ತಂಡಗಳ ಹಲವು ದಿನಗಳ ಆಟ) ಬಿದ್ದರೆ ನಾಲ್ಕೈದು ಮಂದಿ ಹೊಸಬರನ್ನು ಕರೆದೊಯ್ಯಿರಿ. ರಣಜಿಗೆ ಸಾಮಾನ್ಯವಾಗಿ ಟಿಕೆಟ್ ಇರುವುದಿಲ್ಲ. ಮೊದಲ ದಿನದ ಮೊದಲ ತಾಸು ನೋಡಿಸಿ, ಹೊಸ ಚೆಂಡು ಗಾಳಿಯಲ್ಲಿ ಸ್ವಿಂಗ್ ಆಗುವುದು ಆಗಲೇ. ಗಟ್ಟಿ ಗಾಜಿನ ಬಾಟಲಿ ಒಳಗೆ ಬಿಡುವುದಿಲ್ಲ. ಟೋಪಿ, ಕೂರಲು ಹಳೆ ಪೇಪರ್ ಒಯ್ಯಿರಿ. ಬೆಳಗ್ಗೆ ಒಂಬತ್ತೂವರೆಗೆ ಆಟ ಶುರು, ಹನ್ನೊಂದೂವರೆಗೆ ನಲವತ್ತು ನಿಮಿಷ ಊಟದ ಬಿಡುವು. ಬುತ್ತಿ ಕಟ್ಟಿಕೊಂಡು ಹೋದವರು ಎರಡನೇ ಹೊತ್ತಿನ ಮೊದಲ ಓವರ್ ತಪ್ಪಿಸಿಕೊಳ್ಳುವುದಿಲ್ಲ.